ಟಾರ್ಮೋ ಒರೆಸಿದ ಗಾಜುಗಳು

ಸೆಪ್ಟೆಂಬರ್ ೧೪, ಗುರುವಾರ

ಪಿಯಾ ಅವರ ಬೇಕರಿಯಿಂದ ಇವತ್ತು ಮತ್ತೆ ಫೋನು. ಮುಂಭಾಗದ ದೊಡ್ಡ ಗಾಜಿನ ಮೇಲೆ ಗೆರೆ ಉಳಿದಿದೆಯಂತೆ. ಬೆಳಗಿನ ಬಿಸಿಲು ಬಿದ್ದಾಗ ಎದ್ದು ಕಾಣುತ್ತದೆಯಂತೆ. ಥಂಡರ್ ಬೇ ಊರಿನಲ್ಲಿ ಇಷ್ಟು ವರ್ಷದಿಂದ ಅಂಗಡಿಗಳ ಗಾಜು ಒರೆಸುತ್ತಿದ್ದೇನೆ. ಗೆರೆ ಉಳಿದಿದೆ ಎಂದು ಯಾರೂ ಫೋನ್ ಮಾಡಿದ್ದಿಲ್ಲ. ಈ ಬೇಸಿಗೆಯಲ್ಲಿ ಮಾತ್ರ ಒಂದರ ಹಿಂದೆ ಒಂದು. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಗ್ಯಾರೇಜಿನಲ್ಲೇ ನಿಂತಿದ್ದೆ. ಒಳಗೆ ಹೋಗಿ ಸಿರ್ಕಾಗೆ ಹೇಳಲಿಲ್ಲ. ಹೆಂಡತಿಗೆ ಹೇಳಿಕೊಳ್ಳುವಂಥ ವಿಷಯವಲ್ಲ.

ರಬ್ಬರಿನ ತಪ್ಪೇ ಇರಬೇಕು. ಗಾಜಿನ ಮೇಲಿನ ನೀರೆಳೆಯುವ ಹದಿನೆಂಟು ಇಂಚಿನ ಹಿತ್ತಾಳೆ ಸ್ಕ್ವೀಜಿಯನ್ನು ಬಿಚ್ಚಿ ರಬ್ಬರ್ ಪಟ್ಟಿಯನ್ನು ಎಳೆದು ತೆಗೆದೆ. ಅಂಚಿನ ಉದ್ದಕ್ಕೂ ಉಗುರು ಆಡಿಸಿ ನೋಡಿದೆ. ಎಲ್ಲೂ ಕಚ್ಚು ಸಿಗಲಿಲ್ಲ. ಆದರೂ ಹೊಸದು ಹಾಕಿದೆ. ಪಟ್ಟಿ ಎರಡೂ ತುದಿಗಳಲ್ಲಿ ಹಿತ್ತಾಳೆಯಿಂದ ಬೆಂಕಿಕಡ್ಡಿಯ ದಪ್ಪದಷ್ಟು ಮಾತ್ರ ಹೊರಗೆ ಬರಬೇಕು. ಹೆಚ್ಚಾದರೆ ತುದಿ ಮಡಚಿಕೊಂಡು ಗೆರೆ ಬಿಡುತ್ತದೆ, ಕಡಿಮೆಯಾದರೆ ಚೌಕಟ್ಟಿನ ಪಕ್ಕದಲ್ಲಿ ನೀರು ನಿಲ್ಲುತ್ತದೆ. ಕತ್ತರಿಯಲ್ಲಿ ನೇರವಾಗಿ ಕತ್ತರಿಸಿದೆ ಎಂದುಕೊಂಡೆ. ಬೆರಳಿಟ್ಟು ನೋಡಿದರೆ ಓರೆ. ಇನ್ನೊಂದು ಪಟ್ಟಿ ದಂಡ. ಗ್ಯಾರೇಜಿನ ಬಲ್ಬು ಮಂಕಾಗಿದೆ, ಬದಲಿಸಬೇಕು.

ಟಾರ್ಮೋನ ಮೇಲೂ ಒಂದು ಕಣ್ಣಿಡಬೇಕು. ಸಿರ್ಕಾಳ ತಮ್ಮ, ನನ್ನ ಕೆಲಸದ ಆಳು. ಕುಡಿತ ಬಿಟ್ಟು ಹನ್ನೊಂದು ವರ್ಷವಾಯಿತು. ಯಾರೂ ಅವನನ್ನು ಹತ್ತಿರ ಸೇರಿಸದಿದ್ದಾಗ ಕೈಗೆ ಬಕೆಟ್ಟು ಕೊಟ್ಟವನು ನಾನು. ಅವನನ್ನು ಮನುಷ್ಯನನ್ನಾಗಿ ಮಾಡಿದವನು ರೈಮೋ ಎಂದು ಊರಿನವರೇ ಹೇಳುತ್ತಾರೆ. ಈಚೆಗೆ ಅವನು ಕೆಲಸದ ಮಧ್ಯೆ ಮಾಯವಾಗುತ್ತಾನೆ. ಮುಂದಿನ ಅಂಗಡಿಯ ಎದುರು ವ್ಯಾನು ನಿಲ್ಲಿಸಿ ತಿರುಗಿ ನೋಡಿದರೆ, ಬಕೆಟ್ಟು ಹಿಡಿದು ಹಿಂದೆ ನಡೆದು ಬರಬೇಕಾದ ಆಸಾಮಿ ಇಲ್ಲ. ಎಲ್ಲಿ ಹೋಗಿದ್ದೆ ಎಂದರೆ, ‘ಇಲ್ಲೇ ಭಾವ, ಸಿಗರೇಟು’ ಎನ್ನುತ್ತಾನೆ. ಅವನ ಮೈಯಲ್ಲಿ ಸಿಗರೇಟಿನ ವಾಸನೆ ಇರುವುದಿಲ್ಲ. ಬೇರೆ ವಾಸನೆ ಬರುತ್ತದೆಯೇ ಎಂದು ಗಮನಿಸುತ್ತಿದ್ದೇನೆ.

ಸೆಪ್ಟೆಂಬರ್ ೨೨, ಶುಕ್ರವಾರ

ನಮ್ಮ ಕೆಲಸದ ಸಾಮಾನು ಮಾರುವ ಡಗ್‌ನ ಅಂಗಡಿಗೆ ಹೋಗಿ ಮೆತ್ತನೆಯ ರಬ್ಬರ್ ಕೇಳಿದೆ. ಅವನು ಕೌಂಟರಿನ ಮೇಲೆ ಮೊಣಕೈಯೂರಿ ನಕ್ಕ.

‘ಇನ್ನೂ ಬಿಸಿಲಿದೆಯಲ್ಲೋ ರೈಮೋ. ಮೆತ್ತಂದು ಚಳಿಗಾಲಕ್ಕೆ. ಈಗ ಹಾಕಿದ್ರೆ ಗಾಜಿಗೆ ಅಂಟ್ಕೊಂಡು ಕಿರ್ ಅನ್ನುತ್ತೆ.’

‘ನನಗೆ ಹೇಳ್ಕೊಡ್ತೀಯಾ?’

‘ಹೇಳ್ಕೊಡಲ್ಲಪ್ಪ, ಮಾರ್ತೀನಿ ಅಷ್ಟೇ. ಹೋದ ವಾರಾನೂ ಪಟ್ಟಿ ತಗೊಂಡು ಹೋಗಿದ್ದೆ. ತಿಂತೀಯೇನು ಅದನ್ನ?’

ಅಂಗಡಿಯಲ್ಲಿದ್ದ ಬೇರೆಯವರೂ ನಕ್ಕರು. ಮೆತ್ತನೆಯ ರಬ್ಬರಿನ ಜೊತೆ ಹದಿನಾಲ್ಕು ಇಂಚಿನ ಸ್ಟೀಲಿನ ಸ್ಕ್ವೀಜಿಯೊಂದು, ಹಿಡಿಯ ಹತ್ತಿರ ತಲೆ ಹೊರಳುವಂಥದ್ದೊಂದು, ಎರಡನ್ನೂ ಕೊಂಡು ಬಂದೆ. ಡಗ್ ಹೇಳಿದ್ದು ನಿಜ. ಮೆತ್ತನೆಯ ರಬ್ಬರ್ ಇಡೀ ದಿನ ಕಿರುಗುಟ್ಟಿತು. ಅಗಲ ಕಡಿಮೆ ಮಾಡಿದರೆ ಹಿಡಿತ ಹೆಚ್ಚುತ್ತದೆ ಎಂದು ಚಿಕ್ಕದರಲ್ಲೇ ಒರೆಸಿದೆ. ಅರ್ಧ ದಿನದ ಕೆಲಸ ಇಡೀ ದಿನವಾಯಿತು.

ಊಟದ ಹೊತ್ತಿನಲ್ಲಿ ವ್ಯಾನಿನಲ್ಲಿ ಕೂತು ಬ್ರೆಡ್ಡು ತಿನ್ನುವಾಗ ಟಾರ್ಮೋ, ‘ಭಾವ, ಒಂದ್ ಮಾತು. ಬೈಬೇಡ’ ಎಂದ.

‘ಹೇಳು.’

‘ಕಣ್ಣು ತೋರಿಸಿ ಎಷ್ಟು ದಿನ ಆಯ್ತು?’

‘ನನ್ನ ಕಣ್ಣಿಗೇನಾಗಿದೆ? ನಿನ್ನ ಕಣ್ಣು ಕೆಂಪಗಿದೆ, ಮೊದಲು ಅದನ್ನ ನೋಡ್ಕೋ.’

ಅವನು ಕಾಫಿ ಕುಡಿದು ಲೋಟ ಕೊಡವಿದ. ‘ಸರಿ ಭಾವ’ ಎಂದ.

ಕತ್ತಲಾಗುವ ಹೊತ್ತಿಗೆ ಮನೆಗೆ ಬಂದೆ. ಈ ಹೊಸ ಕಾರುಗಳ ದೀಪ ಎಂಥದೋ. ಒಂದೊಂದರ ಸುತ್ತಲೂ ಬಳೆ ಬಳೆಯಾಗಿ ಹರಡಿಕೊಂಡು ರಸ್ತೆಯೇ ಕಾಣುವುದಿಲ್ಲ. ಇಂಥದ್ದನ್ನು ಸರ್ಕಾರ ಹೇಗೆ ಬಿಡುತ್ತದೋ.

ಅಕ್ಟೋಬರ್ ೭, ಶನಿವಾರ

ಇವತ್ತು ಟಾರ್ಮೋನನ್ನು ಕೆಲಸದಿಂದ ತೆಗೆದೆ.

ಸುಗ್ಗಿ ಹಬ್ಬದ ವಾರ, ಬೇಕರಿಯಲ್ಲಿ ಬಾಗಿಲವರೆಗೆ ಸಾಲು. ಪಿಯಾ ಏಪ್ರನ್ನಿಗೆ ಕೈ ಒರೆಸುತ್ತಾ ಬಂದು, ‘ರೈಮೋ, ಕೋಪ ಮಾಡ್ಕೋಬೇಡಿ. ಒಳಗಿಂದ ಒಂದ್ಸಲ ನೋಡಿ’ ಎಂದರು. ಒಳಗೆ ಹೋಗಿ ನೋಡಿದೆ. ಬಿಸಿಲಿನಲ್ಲಿ ಗಾಜು ಬೆಳ್ಳಗೆ ಹೊಳೆಯುತ್ತಿತ್ತು. ಎಲ್ಲಿ ಗೆರೆ ಎಂದು ಕೇಳಲು ನಾಚಿಕೆಯಾಯಿತು. ಕಾಣಿಸಿದವನಂತೆ ತಲೆಯಾಡಿಸಿದೆ. ಸಾಲಿನಲ್ಲಿ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಟಾರ್ಮೋ ಬಾಗಿಲ ಬಳಿ ಬಕೆಟ್ಟು ಹಿಡಿದು ನಿಂತಿದ್ದ.

‘ಮತ್ತೆ ಶುರು ಮಾಡಿದ್ದೀಯಾ?’ ಎಂದು ಕೇಳಿದೆ.

‘ಏನು ಭಾವ?’

‘ಏನು ಅಂತ ನಿನಗೂ ಗೊತ್ತು, ಇಲ್ಲಿರೋರಿಗೂ ಗೊತ್ತು. ಕೆಲಸದ ಮಧ್ಯೆ ಎಲ್ಲಿಗೆ ಹೋಗ್ತೀಯಾ ಅಂತ ನಾನು ನೋಡ್ತಿಲ್ಲ ಅಂದ್ಕೊಂಡ್ಯಾ? ನಡುಗೋ ಕೈಯಲ್ಲಿ ಒರೆಸಿದ್ರೆ ಗಾಜು ಹೀಗೇ ಆಗೋದು. ನಾಳೆಯಿಂದ ಕೆಲಸಕ್ಕೆ ಬರಬೇಡ.’

ಅವನು ನನ್ನ ಕಡೆ ನೋಡಿದ, ಆಮೇಲೆ ಗಾಜಿನ ಕಡೆ ನೋಡಿದ. ಬಕೆಟ್ಟನ್ನು ನೀರು ತುಳುಕದಂತೆ ನೆಲಕ್ಕಿಟ್ಟು, ತನ್ನ ಬಳಿಯಿದ್ದ ವ್ಯಾನಿನ ಇನ್ನೊಂದು ಕೀಲಿ ನನ್ನ ಕೈಗೆ ಕೊಟ್ಟು, ಪಿಯಾಗೆ ಟೋಪಿ ಮುಟ್ಟಿ ನಮಸ್ಕರಿಸಿ ಹೊರಟುಹೋದ. ಸಾಲಿನಲ್ಲಿದ್ದ ಹೆಂಗಸೊಬ್ಬಳು ತನ್ನ ಮಗುವನ್ನು ಪಕ್ಕಕ್ಕೆ ಎಳೆದುಕೊಂಡು ಅವನಿಗೆ ದಾರಿ ಬಿಟ್ಟಳು.

ಮಾಡಬೇಕಾದ್ದನ್ನೇ ಮಾಡಿದೆ. ಆದರೂ ಊಟ ಸೇರಲಿಲ್ಲ.

ಅಕ್ಟೋಬರ್ ೯, ಸೋಮವಾರ

ಹಬ್ಬ. ಸಿರ್ಕಾ ಟರ್ಕಿ ಕೋಳಿ ಬೇಯಿಸಿದ್ದಳು. ಟಾರ್ಮೋ ಬರಲಿಲ್ಲ, ಫೋನೂ ಎತ್ತಲಿಲ್ಲ. ಸಿರ್ಕಾ ನನ್ನೊಡನೆ ಮಾತಾಡುತ್ತಿಲ್ಲ.

ಅಕ್ಟೋಬರ್ ೨೦, ಶುಕ್ರವಾರ

ಒಬ್ಬನೇ ಮಾಡುವುದೆಂದರೆ ಕಷ್ಟವೇ. ಏಣಿ ಹಿಡಿಯುವವರಿಲ್ಲ. ಗಟ್ಟಿ ರಬ್ಬರಿಗೆ ವಾಪಸ್ ಬಂದೆ. ಹಿಡಿಯ ಕೋನವನ್ನು ಎರಡು ಸಲ ಬದಲಿಸಿದೆ. ಸೋಪು ಕಡಿಮೆ ಮಾಡಿದೆ, ಹೆಚ್ಚು ಮಾಡಿದೆ.

ಹಲ್ಲಿನ ಆಸ್ಪತ್ರೆಯ ಉದ್ದನೆಯ ಕಿಟಕಿಯನ್ನು ಹೊರಗಿನಿಂದ ಒರೆಸುತ್ತಿದ್ದೆ. ಒಳಗೆ ಮೇಜಿನ ಹಿಂದೆ ಕೂತಿದ್ದ ಹುಡುಗಿ ಕೈ ಎತ್ತಿ ಆಡಿಸಿದಳು. ಒಳ್ಳೆಯ ಹುಡುಗಿ ಎಂದುಕೊಂಡು ನಾನೂ ಕೈ ಆಡಿಸಿದೆ. ಅವಳು ಮತ್ತೆ ಆಡಿಸಿದಳು. ನಾನೂ ಆಡಿಸಿದೆ. ಕಾಯುತ್ತ ಕೂತವರ ಹೆಗಲುಗಳು ಅಲುಗಿದವು. ನಗುತ್ತಿದ್ದಾರೆಂದು ಆಗ ತಿಳಿಯಿತು. ಅವಳು ಎದ್ದು ಹೊರಗೆ ಬಂದಳು.

‘ಅಂಕಲ್, ನಾನು ಹಲೋ ಅಂತಿರ್ಲಿಲ್ಲ. ಅಲ್ಲಿ ತೋರಿಸ್ತಿದ್ದೆ. ಅಷ್ಟು ಭಾಗಕ್ಕೆ ನೀವು ಸೋಪು ಹಚ್ಚಿ ಹಾಗೇ ಬಿಟ್ಟಿದ್ದೀರಿ.’

ಹತ್ತಿರ ಹೋಗಿ ಕೈಯಿಟ್ಟೆ. ಬಾಗಿಲಗಲದಷ್ಟು ಜಾಗದಲ್ಲಿ ನೊರೆ ಒಣಗಿ ನಿಂತಿತ್ತು. ನೋಡಿದರೆ ಗೊತ್ತಾಗಲಿಲ್ಲ, ಮುಟ್ಟಿದರೆ ಗೊತ್ತಾಯಿತು. ಅದನ್ನು ಒರೆಸಿ, ಹಣವನ್ನೂ ಕೇಳದೆ ವ್ಯಾನು ಹತ್ತಿದೆ. ಉಳಿದ ಎರಡು ಅಂಗಡಿಗಳಿಗೆ ಹೋಗಲಿಲ್ಲ.

ಅಕ್ಟೋಬರ್ ೨೧, ಶನಿವಾರ

ಸಿರ್ಕಾಗೆ ಹೇಗೋ ಗೊತ್ತಾಗಿದೆ. ಆ ಆಸ್ಪತ್ರೆಯಲ್ಲಿ ಅವಳ ಗೆಳತಿ ಯಾರೋ ಕೂತಿದ್ದಿರಬೇಕು. ತಿಂಡಿ ಆದ ಮೇಲೆ, ‘ಇಲ್ಲಿ ಬನ್ನಿ’ ಎಂದು ಅಡುಗೆಮನೆಯ ಕಿಟಕಿಯ ಎದುರು ನಿಲ್ಲಿಸಿದಳು.

‘ಗಾಜು ಹೇಗಿದೆ?’

‘ಚೆನ್ನಾಗಿದೆ.’

‘ಒಂದು ಕಣ್ಣು ಮುಚ್ಚಿ ನೋಡಿ. ಈಗ ಇನ್ನೊಂದು.’

‘ಚೆನ್ನಾಗಿದೆ ಅಂದ್ನಲ್ಲೇ. ಏನಾಗಿದೆ ನಿನಗೆ?’

ಅವಳು ನನ್ನ ಬೆರಳು ಹಿಡಿದು ಗಾಜಿಗೆ ಒತ್ತಿದಳು. ಜಿಡ್ಡು. ಅಷ್ಟಗಲಕ್ಕೂ ಬೆಣ್ಣೆ ಬಳಿದಿದ್ದಳು. ನನ್ನ ಬೆರಳಿನಲ್ಲಿದ್ದ ಬೆಣ್ಣೆ ಮಾತ್ರ ಕಾಣಿಸಿತು, ಗಾಜಿನ ಮೇಲಿದ್ದದ್ದು ಬರೀ ಬೆಳಕು.

‘ನನ್ನ ತಮ್ಮ ಕುಡಿದಿದ್ನೇನ್ರೀ?’ ಎಂದು ಕೇಳಿದಳು. ಜೋರಾಗಿ ಕೇಳಲಿಲ್ಲ. ಉತ್ತರಕ್ಕೂ ಕಾಯಲಿಲ್ಲ.

ಅಕ್ಟೋಬರ್ ೨೬, ಗುರುವಾರ

ಪೊರೆ. ಎರಡೂ ಕಣ್ಣು, ಬಲಗಡೆಯದು ಜಾಸ್ತಿ. ಒಂದೆರಡು ವರ್ಷದಿಂದ ಬೆಳೆದಿದೆ ಎಂದರು ಡಾಕ್ಟರಮ್ಮ. ಶಸ್ತ್ರಚಿಕಿತ್ಸೆಗೆ ಸರದಿ ಬರುವುದು ಮಾರ್ಚಿನಲ್ಲಿ. ಅಲ್ಲಿಯವರೆಗೆ ಗಾಡಿ ಓಡಿಸುವಂತಿಲ್ಲ.

‘ಏನು ಕೆಲಸ ಮಾಡ್ತೀರಿ?’ ಎಂದು ಕೇಳಿದರು.

ನಿವೃತ್ತ ಎಂದೆ. ಸಿರ್ಕಾ ಪಕ್ಕದಲ್ಲೇ ಇದ್ದಳು.

ಅಕ್ಟೋಬರ್ ೩೧, ಮಂಗಳವಾರ

ಮೂರು ಸಲ ಫೋನ್ ಕೈಗೆತ್ತಿಕೊಂಡು ಇಟ್ಟೆ. ಟಾರ್ಮೋಗೆ ಏನೆಂದು ಹೇಳುವುದು? ಮೊದಲು ಪಿಯಾಗೆ ಹೇಳಿದರೆ ಸುಲಭ ಎನಿಸಿತು. ಮಧ್ಯಾಹ್ನ ಬೇಕರಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ನಡೆದೇ ಹೋದೆ. ಅವರು ಏಲಕ್ಕಿ ಬ್ರೆಡ್ಡಿಗೆ ಸಕ್ಕರೆ ಉದುರಿಸುತ್ತಿದ್ದರು. ಕಣ್ಣಿನ ವಿಷಯ ಹೇಳಿದೆ. ಗೆರೆ ನನ್ನದೇ, ಟಾರ್ಮೋನದಲ್ಲ ಎಂದೆ. ಅವರು ಕೈ ನಿಲ್ಲಿಸಲಿಲ್ಲ.

‘ನನಗೆ ಗೊತ್ತಿತ್ತು’ ಎಂದರು.

‘ಗೊತ್ತಿತ್ತಾ?’

‘ನೀವು ವ್ಯಾನ್ ತಿರುಗಿಸಿಕೊಂಡು ಮುಂದೆ ಹೋದ ತಕ್ಷಣ ಅವನು ಓಡಿ ಬರ್ತಿದ್ದ. ಜೇಬಿಂದ ಒಂದು ಸಣ್ಣ ಸ್ಕ್ವೀಜಿ ತೆಗೆದು, ನೀವು ಬಿಟ್ಟ ಕಡೆ ಎಲ್ಲ ಎಳೆದು ಬಟ್ಟೆಯಲ್ಲಿ ಒರೆಸಿ ಓಡಿ ಹೋಗ್ತಿದ್ದ. ಬೇಸಿಗೆ ಪೂರ್ತಿ. ಔಷಧಿ ಅಂಗಡೀಲೂ ಹಾಗೇ ಅಂತೆ, ಬ್ಯಾಂಕಿನವರೂ ಹೇಳಿದ್ರು. ಅವನಿಗೆ ಪುರುಸೊತ್ತಾಗದ ದಿನ ಮಾತ್ರ ನಾನು ನಿಮಗೆ ಫೋನ್ ಮಾಡಿದ್ದು.’

ಸಿಗರೇಟು ಎನ್ನುತ್ತಿದ್ದ.

‘ಅವತ್ತೇ ಯಾಕೆ ಹೇಳಲಿಲ್ಲ ಪಿಯಾ?’

‘ಅವನೇ ಹೇಳಲಿಲ್ಲ, ನಾನು ಹೇಗೆ ಹೇಳಲಿ? ಮತ್ತೆ ನಿಮ್ಮ ಮುಖ ನೋಡಿದೆ ಅವತ್ತು. ಆ ಮುಖಕ್ಕೆ ಏನು ಹೇಳೋಕಾಗುತ್ತೆ?’ ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿದರು. ‘ಇನ್ನೊಂದು ಮಾತು ಹೇಳ್ತೀನಿ ರೈಮೋ. ಅವನನ್ನ ಬೈದಾಗ ಅಂಗಡಿ ತುಂಬ ಜನ ಇದ್ರು. ಇವತ್ತು ಯಾರೂ ಇಲ್ಲದ ಹೊತ್ತು ನೋಡ್ಕೊಂಡು ಬಂದಿದ್ದೀರಿ.’

ಅವರು ಕೊಟ್ಟ ಬ್ರೆಡ್ಡನ್ನು ತೆಗೆದುಕೊಳ್ಳದೆ ಬಂದೆ.

ನವೆಂಬರ್ ೫, ಭಾನುವಾರ

ಟಾರ್ಮೋನ ಬಾಡಿಗೆ ಮನೆಗೆ ಬೀಗ. ಕೆಳಗಿನ ಮನೆಯವರು, ಸರೋವರದ ಕಡೆ ಹೋಗಿದ್ದಾನೆ ಎಂದರು. ಅಲ್ಲಿ ನನ್ನ ಮಾವ ಕಟ್ಟಿಸಿದ ಮರದ ಮನೆಯಿದೆ. ಸಿರ್ಕಾ ಕಾರು ಓಡಿಸಿದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಒಪ್ಪವಾಗಿ ಜೋಡಿಸಿಕೊಳ್ಳುತ್ತಿದ್ದೆ.

ಅವನು ಅಂಗಳದಲ್ಲಿ ಸೌದೆ ಸೀಳುತ್ತಿದ್ದ. ಕಾರಿನಿಂದ ನಾನು ಯಾವ ಬದಿಯಿಂದ ಇಳಿದೆ ಎಂದು ನೋಡಿದ.

‘ಗಾಡಿ ಅಕ್ಕ ಓಡಿಸಿದ್ಳಾ?’

‘ಡಾಕ್ಟರು ಬೇಡ ಅಂದ್ರು. ಪೊರೆ. ಎರಡೂ ಕಣ್ಣು.’

‘ಹ್ಞೂಂ’ ಎಂದು ಇನ್ನೊಂದು ತುಂಡು ನಿಲ್ಲಿಸಿ ಕೊಡಲಿ ಬೀಸಿದ.

ಮೈ ಇಳಿದಿತ್ತು. ಗಡ್ಡ ಬೆಳೆದಿತ್ತು. ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ನನ್ನ ಬಾಯಿಂದ ಮೊದಲು ಬಂದದ್ದೇ, ‘ಕುಡಿದ್ಯಾ?’ ಎಂಬ ಪ್ರಶ್ನೆ. ಕ್ಷಮೆ ಕೇಳಲು ಹೋದವನು ಮತ್ತೆ ಅದನ್ನೇ ಕೇಳಿದೆ.

‘ಕುಡಿದೆ’ ಎಂದ ಟಾರ್ಮೋ. ‘ಅವತ್ತು ಸಂಜೆ ಶುರು ಮಾಡಿದವನು ಹಬ್ಬ ಕಳೆಯೋವರೆಗೂ ಕುಡಿದೆ. ಆಮೇಲೆ ಇಲ್ಲಿಗೆ ಬಂದೆ. ಇಲ್ಲಿ ಅಂಗಡಿ ಇಲ್ಲ.’

ಸಿರ್ಕಾ ಮುಖ ತಿರುಗಿಸಿಕೊಂಡು ನೀರಿನ ಕಡೆ ನಡೆದಳು.

‘ನನ್ನಿಂದ’ ಎಂದೆ.

‘ಹಾಗನ್ಬೇಡ. ಬಾಟಲಿ ಎತ್ತಿದ್ದು ನನ್ನ ಕೈ. ಅದನ್ನ ನಿನ್ನ ತಲೆಗೆ ಕಟ್ಟಿದ್ರೆ ನಾನು ಮತ್ತೆ ಕುಡೀತೀನಿ.’ ಕೊಡಲಿಯನ್ನು ಕೊರಡಿಗೆ ನೆಟ್ಟು ಕೂತ. ‘ಆದ್ರೆ ಭಾವ, ಅವತ್ತು ಬೆಳಿಗ್ಗೆ ಬೇಕರಿಗೆ ಬಂದಾಗ ನಾನು ಕುಡಿತ ಬಿಟ್ಟು ಹನ್ನೊಂದು ವರ್ಷ ಆಗಿದ್ದವನು. ಅದೊಂದು ನಿನಗೆ ಗೊತ್ತಿರ್ಲಿ.’

‘ನನ್ನ ಕಣ್ಣಿನ ವಿಷಯ ಅಲ್ಲೇ ಹೇಳಬಹುದಿತ್ತಲ್ಲೋ.’

‘ಅಷ್ಟು ಜನದ ಮುಂದೆ? ರೈಮೋಗೆ ಕಣ್ಣು ಕಾಣಲ್ಲ ಅಂದಿದ್ರೆ ಮಾರನೇ ದಿನದಿಂದ ನಿನಗೆ ಗಾಜಿನ ಕೆಲಸ ಕೊಡ್ತಿದ್ದೋರು ಯಾರು?’

ಅವನ ಎದುರು ನೆಲದ ಮೇಲೆ ಚೆದುರಿದ್ದ ಸೌದೆ ಆರಿಸಿ ಗೋಡೆಗೆ ಒಟ್ಟತೊಡಗಿದೆ. ತಪ್ಪಾಯ್ತು ಎಂದು ಹೇಳಿದ್ದು ಹೊರಡುವಾಗ, ಕಾರಿನ ಬಾಗಿಲು ಹಿಡಿದುಕೊಂಡು. ಅವನು ಕೇಳಿಸಿಕೊಂಡ. ಪರವಾಗಿಲ್ಲ ಎನ್ನಲಿಲ್ಲ.

ನವೆಂಬರ್ ೧೮, ಶನಿವಾರ

ಬೇಕರಿಗೆ ಹೋಗಿ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಪಿಯಾ, ‘ಏನು ಕೊಡ್ಲಿ?’ ಎಂದರು. ಹಿಂತಿರುಗಿ ಜನರ ಕಡೆ ನೋಡಿದೆ. ಮುಖಗಳು ಸ್ಪಷ್ಟವಿರಲಿಲ್ಲ; ಹಾಗಿದ್ದದ್ದೇ ಒಳ್ಳೆಯದಾಯಿತು. ಹೋದ ತಿಂಗಳು ಇಲ್ಲಿ ಟಾರ್ಮೋ ಕುಡಿದಿದ್ದಾನೆ ಎಂದೆ, ಅದು ಸುಳ್ಳು, ನನಗೇ ಕಣ್ಣು ಕಾಣುತ್ತಿರಲಿಲ್ಲ, ನಾನು ಕೆಡಿಸಿದ್ದನ್ನು ಅವನು ಸರಿಮಾಡುತ್ತಿದ್ದ ಎಂದು ಹೇಳಿದೆ. ಹಿಂದಿನಿಂದ ಒಬ್ಬ ಮುದುಕ, ‘ಆಯ್ತಪ್ಪ, ಈಗ ಬ್ರೆಡ್ ತಗೊಂಡು ಜಾಗ ಬಿಡು’ ಎಂದ. ಕೆಲವರು ನಕ್ಕರು. ಬ್ರೆಡ್ ತೆಗೆದುಕೊಂಡು ಜಾಗ ಬಿಟ್ಟೆ.

ಅವತ್ತು ಇದ್ದವರು ಇವತ್ತು ಇದ್ದರೋ ಇಲ್ಲವೋ. ಮಗುವನ್ನು ಪಕ್ಕಕ್ಕೆ ಎಳೆದುಕೊಂಡ ಹೆಂಗಸು ಎಲ್ಲಿದ್ದಾಳೆಂದು ಹೇಗೆ ಹುಡುಕುವುದು?

ನವೆಂಬರ್ ೨೮, ಮಂಗಳವಾರ

ಟಾರ್ಮೋ ಗ್ಯಾರೇಜಿಗೆ ಬಂದ. ಗಡ್ಡ ತೆಗೆದಿದ್ದ. ಕೂರು ಎಂದರೂ ಕೂರಲಿಲ್ಲ.

‘ಕೆಲಸಕ್ಕೆ ಬರ್ತೀನಿ. ಆದ್ರೆ ಅಂಗಡಿಯವರ ಹತ್ರ ಮಾತಾಡೋದು ನಾನು, ಗಾಡಿ ಓಡಿಸೋದು ನಾನು, ಸ್ಕ್ವೀಜಿ ಹಿಡಿಯೋದೂ ನಾನು. ನೀನು ಸೋಪುನೀರು ಹಚ್ಚು.’

‘ಆಗಲಿ.’

‘ಕಣ್ಣು ಸರಿಯಾದ ಮೇಲೂ ಹೀಗೇ. ಯೋಚನೆ ಮಾಡಿ ಹೇಳು.’

‘ಯೋಚನೆ ಮಾಡೋದೇನಿಲ್ಲ’ ಎಂದೆ. ಯೋಚನೆ ಮಾಡಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಇಲ್ಲವೋ.

ಅವನು ಬೆಂಚಿನ ಮೇಲಿದ್ದ ನನ್ನ ಸ್ಕ್ವೀಜಿಗಳನ್ನು ಒಂದೊಂದಾಗಿ ಎತ್ತಿಕೊಂಡ. ‘ಇದರ ತಲೆ ಯಾಕೆ ಹೀಗೆ ತಿರುಗಿಸಿಟ್ಟಿದ್ದೀಯಾ? ಕತ್ತು ಮುರಿದ ಕೋಳಿ ಹಾಗಿದೆ’ ಎಂದು ನೇರ ಮಾಡಿದ. ಕಸದ ಡಬ್ಬದಲ್ಲಿದ್ದ ರಬ್ಬರ್ ಪಟ್ಟಿಗಳನ್ನೆಲ್ಲ ಹೊರಗೆ ತೆಗೆದು, ಒಂದೊಂದನ್ನೂ ಬೆರಳುಗಳ ನಡುವೆ ಎಳೆದು ನೋಡಿದ.

‘ಇವಕ್ಕೇನಾಗಿತ್ತು?’

‘ಏನೂ ಆಗಿರಲಿಲ್ಲ.’

‘ಒಂದು ಬದಿ ಸವೆದಿದ್ರೂ ಮಗುಚಿ ಹಾಕಿದ್ರೆ ಇನ್ನೊಂದು ಬದಿ ಹೊಸದು. ಇದನ್ನ ನನಗೆ ಹೇಳ್ಕೊಟ್ಟೋನೇ ನೀನು.’

ಹದಿನೆಂಟು ಇಂಚಿನದಕ್ಕೆ ಹಳೆಯ ಪಟ್ಟಿಯೊಂದನ್ನೇ ಮಗುಚಿ ತೂರಿಸಿ, ತುದಿಗಳನ್ನು ಕತ್ತರಿಸಿ, ಕಿಟಕಿಯ ಬೆಳಕಿಗೆ ಹಿಡಿದು ಅಂಚು ನೇರವಿದೆಯೇ ಎಂದು ನೋಡಿದ. ನನ್ನ ಕೈಗೆ ಕೊಡಲಿಲ್ಲ. ತನ್ನ ಚೀಲಕ್ಕೆ ಹಾಕಿಕೊಂಡ.

ಡಿಸೆಂಬರ್ ೧೨, ಮಂಗಳವಾರ

ವಿಪರೀತ ಚಳಿ. ನೀರು ಹೆಪ್ಪುಗಟ್ಟದಂತೆ ಬಕೆಟ್ಟಿಗೆ ಕಾರಿನ ಗಾಜು ತೊಳೆಯುವ ನೀಲಿ ದ್ರಾವಣ ಬೆರೆಸಿದೆವು. ಮೆತ್ತನೆಯ ರಬ್ಬರ್ ಹಾಕಿದ. ಈ ಚಳಿಯಲ್ಲಿ ಗಟ್ಟಿಯದು ಸೆಟೆದುಕೊಂಡು ಗಾಜಿನ ಮೇಲೆ ಕುಪ್ಪಳಿಸುತ್ತದೆ.

ಔಷಧಿ ಅಂಗಡಿಯವನು ಬಾಗಿಲಿಗೆ ಬಂದು, ‘ಏನ್ ರೈಮೋ, ಬಡ್ತಿ ಸಿಕ್ಕಿತಾ?’ ಎಂದ. ನಾನು ಬ್ರಷ್ಷು ಹಿಡಿದು ಗಾಜು ಒದ್ದೆ ಮಾಡುತ್ತಿದ್ದೆ. ಕಿವಿಗಳು ಚಳಿಯಲ್ಲೂ ಸುಟ್ಟವು. ಟಾರ್ಮೋ ಸ್ಕ್ವೀಜಿ ಎಳೆಯುತ್ತಲೇ ಇದ್ದ. ನನ್ನ ಪರವಾಗಿ ಮಾತಾಡಬೇಕಾದ ಅಗತ್ಯ ಅವನಿಗೇನಿದೆ?

ಅವನು ಎಳೆಯುವಾಗ ಹಿಂದೆ ನಿಂತು ಕೇಳುತ್ತಿದ್ದೆ. ರಬ್ಬರ್ ಸರಿಯಾಗಿ ಕೂತಿದ್ದರೆ ಗಾಜಿನ ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿನಂತೆ ಇಳಿಯುತ್ತದೆ, ನಡುವೆ ಎಲ್ಲೂ ತಡೆಯುವುದಿಲ್ಲ. ಇಷ್ಟು ವರ್ಷ ಅವನು ನನ್ನ ಪಕ್ಕದಲ್ಲೇ ಒರೆಸುತ್ತಿದ್ದ. ಆ ಸದ್ದನ್ನು ಕೇಳಿರಲಿಲ್ಲ. ಯಾವಾಗಲೂ ನಾನೇ ಮಾತಾಡುತ್ತಿದ್ದೆ.

ನಾಳೆ ಬ್ಯಾಂಕು, ಆಮೇಲೆ ಗ್ರಂಥಾಲಯ. ನಾವು ಬೇಗ ಹೊರಡಬೇಕು ಎಂದಿದ್ದಾನೆ.

ಜನವರಿ ೧೦, ಬುಧವಾರ

ಕೆಲಸ ಮುಗಿಸಿ ಬರುವಾಗ ಟಾರ್ಮೋ ಚರ್ಚಿನ ಹಿಂದೆ ವ್ಯಾನು ನಿಲ್ಲಿಸಿದ.

‘ಇಲ್ಲಿ ನನ್ನ ಮೀಟಿಂಗ್ ಇದೆ. ಇವತ್ತು ಯಾರು ಬೇಕಾದ್ರೂ ಬರಬಹುದು. ಚಳೀಲಿ ಇಲ್ಲೇ ಕೂತಿರ್ತೀಯಾ, ಒಳಗೆ ಬರ್ತೀಯಾ?’

ಒಳಗೆ ಹೋದೆ. ನೆಲಮಾಳಿಗೆಯಲ್ಲಿ ಮಡಚುವ ಕುರ್ಚಿಗಳು, ದೊಡ್ಡ ಪಾತ್ರೆಯಲ್ಲಿ ಕಾಫಿ. ಕುಡಿತ ಬಿಟ್ಟವರು ಒಬ್ಬೊಬ್ಬರಾಗಿ ಎದ್ದು ಹೆಸರು ಹೇಳಿ, ಬಿಟ್ಟು ಎಷ್ಟು ಕಾಲವಾಯಿತು ಎಂದು ಹೇಳುತ್ತಿದ್ದರು. ಇಪ್ಪತ್ತು ವರ್ಷ ಎಂದರು ಒಬ್ಬ ಅಜ್ಜಿ. ಆರು ವರ್ಷ ಎಂದ ಒಬ್ಬ ಲಾರಿ ಡ್ರೈವರ್. ಟಾರ್ಮೋ ಎದ್ದು ನಿಂತ.

‘ನಾನು ಟಾರ್ಮೋ. ಈಗ ಮೂರು ತಿಂಗಳಾಯ್ತು.’

ಯಾರೂ ಹುಬ್ಬೇರಿಸಲಿಲ್ಲ, ಹನ್ನೊಂದು ವರ್ಷ ಏನಾಯಿತು ಎಂದು ಕೇಳಲಿಲ್ಲ. ಅವರಿಗೆಲ್ಲ ಅವನ ಹನ್ನೊಂದು ವರ್ಷವೂ ಗೊತ್ತಿರಬೇಕು. ಯಾಕೆ ಹೋಯಿತು ಎಂದು ಅವನು ಹೇಳಿರಲಾರ. ಹೇಳಿದ್ದರೆ ಯಾರಾದರೂ ನನ್ನ ಕಡೆ ತಿರುಗುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಗಳು ಮೇಲೇಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಾನೂ ತಟ್ಟಿದೆ. ಎಲ್ಲರೂ ನಿಲ್ಲಿಸಿದ ಮೇಲೂ ನನ್ನದು ನಡೆದಿತ್ತು.

ಮುಗಿದ ಮೇಲೆ ಆ ಅಜ್ಜಿ ಒಂದು ಲೋಟ ಕಾಫಿ ತಂದುಕೊಟ್ಟರು. ನನ್ನ ಕಣ್ಣು ಒದ್ದೆಯಾಗಿದ್ದದ್ದನ್ನು ನೋಡಿ, ನಾನೂ ಕುಡಿತ ಬಿಡಲು ಬಂದವನೆಂದು ತಪ್ಪು ತಿಳಿದರೆಂದು ಕಾಣುತ್ತದೆ. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದರು.

‘ಮೊದಲ ಸಲಾನಾ? ಯಾರ ಜೊತೆ ಬಂದಿರಿ?’

‘ಟಾರ್ಮೋ ಅವರ ಜೊತೆ’ ಎಂದೆ. ‘ನಾನು ಅವರ ಹತ್ತಿರ ಕೆಲಸ ಮಾಡ್ತೀನಿ.’

ಆ ಕಡೆ ಅವನು ಆಗಲೇ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದ. ಕಾಫಿ ಕೆಳಗಿಟ್ಟು, ಎದ್ದು ಹೋಗಿ ನಾನೂ ಮಡಚತೊಡಗಿದೆ.